ಎಂಬಿಬಿಎಸ್ ಓದುತ್ತಲೇ ಸಂಶೋಧನೆ: ಎಸ್‌ಟಿಎಸ್ ಹಣ ಬರುವ ಬಗೆ

ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಸಂಶೋಧನೆಯ ರುಚಿ ಹತ್ತಿಸಲೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಶುರುಮಾಡಿತು. ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲೂ ಇದು ಎಸ್‌ಟಿಎಸ್. ಅವಧಿ ಎರಡು ತಿಂಗಳು. ಇತ್ತೀಚಿನ ವರ್ಷಗಳಲ್ಲಿ ಸ್ಟೈಪೆಂಡ್ ಒಟ್ಟು 50,000 ರೂಪಾಯಿ.

ಈ ಹಣ ಮುಂಗಡವಾಗಿ ಸಿಗುವುದಿಲ್ಲ. ಪ್ರಸ್ತಾವ ಆಯ್ಕೆಯಾಗಿ, ಕೆಲಸ ಮುಗಿದು, ವರದಿ ಒಪ್ಪಿಗೆಯಾದ ಮೇಲೆಯೇ ಕೈಸೇರುತ್ತದೆ. ಅದೂ ವಿದ್ಯಾರ್ಥಿಗೆ ಸಲ್ಲುವ ಮೊತ್ತ. ಕಿಟ್‌ಗೆ, ಲ್ಯಾಬ್ ಪರೀಕ್ಷೆಗೆ ಬೇರೆ ದುಡ್ಡಿಲ್ಲ. ದುಬಾರಿ ವಿಷಯ ಹಿಡಿದರೆ ಖರ್ಚು ಬೀಳುವುದು ಮನೆಯವರ ಮೇಲೆ. ಬಡ ಮನೆಯ ಹುಡುಗ ಹುಡುಗಿಯರು ಇಲ್ಲೇ ಹಿಂದೆ ಸರಿಯುತ್ತಾರೆ. ಆಯ್ಕೆಯಾದವರಿಗೆ ಕಾಲೇಜುಗಳು ಲ್ಯಾಬ್ ಶುಲ್ಕವನ್ನಾದರೂ ಬಿಡಬೇಕು.

ಹಾಗಾಗಿ ಪ್ರಶ್ನೆ ಚಿಕ್ಕದಾಗಿರಲಿ. ‘ಮಧುಮೇಹಿಗಳ ಅರಿವು’ ಎಂದರೆ ಅದಕ್ಕೆ ಆದಿ ಅಂತ್ಯವಿಲ್ಲ. ‘ನಮ್ಮ ಒಪಿಡಿಗೆ ಬರುವ, ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಎಷ್ಟು ಜನ ಚುಚ್ಚುವ ಜಾಗ ಬದಲಿಸುತ್ತಾರೆ?’ ಎಂದು ಕೇಳಿ ನೋಡಿ. ಒಂದೇ ಕಡೆ ಚುಚ್ಚಿಕೊಂಡರೆ ಚರ್ಮದಡಿ ಕೊಬ್ಬು ಗಂಟುಗಟ್ಟುತ್ತದೆ. ಅಲ್ಲಿ ಹಾಕಿದ ಇನ್ಸುಲಿನ್ ರಕ್ತಕ್ಕೆ ಒಂದೇ ಹದದಲ್ಲಿ ಸೇರುವುದಿಲ್ಲ. ಗಂಟನ್ನು ಬೆರಳಿನಿಂದ ಮುಟ್ಟಿ ಗುರುತಿಸುವುದನ್ನು ಗೈಡ್ ಹತ್ತಿರ ಕಲಿತರಾಯಿತು, ಕಿಟ್ ಬೇಕಿಲ್ಲ. ಇನ್ನು ಸ್ಯಾಂಪಲ್ ಲೆಕ್ಕ: ಹಿಂದಿನ ಅಂದಾಜು ಸಿಗದಿದ್ದರೆ ಶೇ. 50 ಎಂದಿಟ್ಟುಕೊಳ್ಳಿ. ವಿಶ್ವಾಸಮಟ್ಟ ಶೇ. 95, ಎರಡೂ ಕಡೆ ಶೇ. 10ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದರೆ ಸುಮಾರು 96 ಜನ ಸಾಕು. ವಾರಕ್ಕೆ ಆರು ದಿನ ಒಪಿಡಿ ಇದ್ದರೆ, ಎರಡು ತಿಂಗಳಲ್ಲಿ ದಿನಕ್ಕೆ ಇಬ್ಬರಂತೆ ಮುಗಿಯುತ್ತದೆ.

ಅರ್ಜಿ ಆನ್‌ಲೈನ್‌ನಲ್ಲಿ. ಕಾಲೇಜಿನ ಪೂರ್ಣಾವಧಿ ಅಧ್ಯಾಪಕರೊಬ್ಬರು ಗೈಡ್ ಆಗಿ ಒಪ್ಪಿರಬೇಕು. ಪ್ರಸ್ತಾವದ ಒಳಗೆ ನಿಮ್ಮ ಹೆಸರಾಗಲಿ, ಗೈಡ್ ಹೆಸರಾಗಲಿ, ಕಾಲೇಜಿನ ಹೆಸರಾಗಲಿ ಬರಕೂಡದು. ಬರೆದವರು ಯಾರೆಂದು ತಿಳಿಯದೆಯೇ ತಜ್ಞರು ಓದಬೇಕೆಂಬುದು ಇದರ ಉದ್ದೇಶ. ಕೊನೆಯ ದಿನಾಂಕ, ಪದಮಿತಿಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ.

ಸಂಶೋಧನೆಗೆ ವೈದ್ಯಕೀಯ ಶಿಕ್ಷಣವೂ ಒಳ್ಳೆಯ ವಿಷಯ. 2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದು, ಮೊದಲ ವರ್ಷದಲ್ಲೇ ರೋಗಿಗಳನ್ನು ಕಾಣುವ ವ್ಯವಸ್ಥೆಯಾಯಿತು. ಅದರಿಂದ ಕಲಿಕೆ ಎಷ್ಟು ಗಟ್ಟಿಯಾಯಿತೆಂದು ವಿದ್ಯಾರ್ಥಿಗಳೇ ಅಳೆಯಬಹುದು. ಆದರೆ ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚುವುದಕ್ಕೂ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಇಂಟರ್ನಲ್ ಅಂಕ ಹಾಕುವ ಮೇಷ್ಟ್ರೇ ಒಪ್ಪಿಗೆ ಪತ್ರ ಹಿಡಿದು ನಿಂತರೆ ಯಾವ ವಿದ್ಯಾರ್ಥಿ ಒಲ್ಲೆ ಅಂದಾನು? ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಇಂಥ ಅಧೀನ ಸ್ಥಿತಿಯಲ್ಲಿರುವವರಿಗೆ ವಿಶೇಷ ರಕ್ಷಣೆ ಕೇಳುತ್ತದೆ.

ಕರ್ನಾಟಕದವರಿಗೆ ಇನ್ನೊಂದು ದಾರಿಯಿದೆ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಅಧ್ಯಾಪಕರಿಗೂ ಪದವಿ ವಿದ್ಯಾರ್ಥಿಗಳಿಗೂ ಸಂಶೋಧನಾ ಅನುದಾನ ಕೊಡುತ್ತದೆ.

ಕೆಲಸ ನಿಂತುಹೋಗುವುದು ಹೆಚ್ಚಾಗಿ ಎಥಿಕ್ಸ್ ಕಮಿಟಿಯ ಮೆಟ್ಟಿಲಲ್ಲಿ. ಅನುಮತಿಗೆ ಮೊದಲು ಒಬ್ಬ ರೋಗಿಯಿಂದಲೂ ಮಾಹಿತಿ ಪಡೆಯುವಂತಿಲ್ಲ. ನಿಮ್ಮ ಕಾಲೇಜಿನ ಕಮಿಟಿ ಎಷ್ಟು ದಿನಕ್ಕೊಮ್ಮೆ ಸೇರುತ್ತದೆ, ಕಡತ ಎಷ್ಟು ಮೊದಲು ಕೊಡಬೇಕು ಎಂಬುದನ್ನು ಅರ್ಜಿ ತುಂಬುವ ಮುಂಚೆಯೇ ಅದರ ಸದಸ್ಯ ಕಾರ್ಯದರ್ಶಿಯವರನ್ನು ಕೇಳಿ ತಿಳಿದುಕೊಳ್ಳಿ.