ವಾಸಿಯಾದ ಕೋಳಿಯ ಋಣ

ಚಳಿಗಾಲದ ಒಂದು ರಾತ್ರಿ ಹಿತ್ತಿಲ ಗೂಡಿನಿಂದ ಗೊರಗೊರ ಸದ್ದು ಕೇಳಿಸಿತು. ದೀಪ ಹಿಡಿದು ನೋಡಿದರೆ, ನಮ್ಮ ಕೆಂಪು ಹೇಂಟೆ ಕೊಕ್ಕು ತೆರೆದು ಉಸಿರಿಗಾಗಿ ಒದ್ದಾಡುತ್ತಿತ್ತು. ಪಕ್ಕದಲ್ಲಿ ಇನ್ನೂ ಹನ್ನೊಂದು ಕೋಳಿಗಳು. ಬೆಳಿಗ್ಗೆ ಅಮ್ಮ ಅರಿಶಿನ, ಬೆಳ್ಳುಳ್ಳಿ ಅರೆದರು. ಔಷಧದಂಗಡಿಯವ ನೀರಿಗೆ ಬೆರೆಸಲು ಒಂದು ಪೊಟ್ಟಣ ಕೊಟ್ಟ. ನೆರೆಯವರು, ‘ಕತ್ತು ಮುರಿಯಿರಿ, ಉಳಿದವಾದರೂ ಬದುಕಲಿ’ ಎಂದರು. ರೋಗ ಯಾವುದೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಪಶುವೈದ್ಯರು ಮದ್ದಿನ ಮಾತೆತ್ತುವ ಮೊದಲು ಪ್ರಶ್ನೆಗಳನ್ನು ಕೇಳಿದರು: ಎಷ್ಟು ಸತ್ತಿವೆ? ಹಸಿರು ಭೇದಿ ಇದೆಯೇ? ಕತ್ತು ತಿರುಚಿದೆಯೇ? ಏಕೆಂದರೆ ಉಬ್ಬಸವೊಂದೇ ಆದರೂ ಅದರ ಹಿಂದಿನ ರೋಗಗಳು ಹಲವು. ಕೊಕ್ಕರೆ ರೋಗವೆಂದು ನಾವು ಕರೆಯುವ ರಾಣಿಖೇತ್ ರೋಗ ವೈರಾಣುವಿನಿಂದ ಬರುವಂಥದು. ಅದಕ್ಕೆ ಮದ್ದಿಲ್ಲ, ಮೊದಲೇ ಹಾಕಿಸುವ ಲಸಿಕೆಯೇ ರಕ್ಷಣೆ. ಹಕ್ಕಿಜ್ವರವಾದರೆ ನಿರ್ಧಾರ ನಮ್ಮ ಕೈಯಲ್ಲೇ ಇರುವುದಿಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಸೋಂಕು ಕಂಡಾಗ ಸರ್ಕಾರವೇ ಹಕ್ಕಿಗಳನ್ನು ಕೊಲ್ಲಿಸಿತು. ಅಲ್ಲಿ ಆರೋಗ್ಯವಂತ ಕೋಳಿಗೂ ವಿನಾಯಿತಿಯಿಲ್ಲ. ಸೋಂಕು ಮನುಷ್ಯರಿಗೂ ತಗುಲಬಹುದೆಂಬ ಭಯ ಅದಕ್ಕೆ ಕಾರಣ.

ನಮ್ಮ ಕೋಳಿಗೆ ಬಂದದ್ದು ಇವೆರಡೂ ಅಲ್ಲ. ಪರೀಕ್ಷೆಯಲ್ಲಿ ಕಂಡದ್ದು ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ದೀರ್ಘಕಾಲದ ಶ್ವಾಸರೋಗ. ವೈದ್ಯರು ಬರೆದ ಆ್ಯಂಟಿಬಯೊಟಿಕ್‌ನಿಂದ ವಾರದಲ್ಲಿ ಹೇಂಟೆ ಚೇತರಿಸಿಕೊಂಡಿತು. ನಮಗೆ ಗೆದ್ದ ಸಂಭ್ರಮ. ಆದರೆ ವೈದ್ಯರು ಎಚ್ಚರಿಸಿದ್ದರು: ಲಕ್ಷಣ ಮಾಯವಾದರೂ ರೋಗಾಣು ಉಳಿಯುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ, ಈ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ, ಯಾರಿಗೂ ಮರಿ ಮಾಡಲು ಕೊಡಬೇಡಿ. ಸಂಭ್ರಮದಲ್ಲಿ ಆ ಮಾತನ್ನು ಮರೆತೆ. ಹಿಂದಿನ ಬೀದಿಯ ಹೆಂಗಸೊಬ್ಬರು ಕಾವಿಗೆಂದು ಕೇಳಿದಾಗ ಎಂಟು ಮೊಟ್ಟೆ ಕೊಟ್ಟುಬಿಟ್ಟೆ.

ಎರಡು ತಿಂಗಳಾಗುವಷ್ಟರಲ್ಲಿ ಅವರ ಗೂಡಿನಲ್ಲೂ ಅದೇ ಗೊರಗೊರ. ನಮಗೆ ಕೋಳಿ ಹವ್ಯಾಸ. ಅವರಿಗೆ ಮೊಟ್ಟೆಯ ಹಣವೇ ವಾರದ ಸಂತೆ. ‘ಎಲ್ಲವನ್ನೂ ತೆಗೆದು ಹೊಸದಾಗಿ ಸಾಕಿ’ ಎಂದು ವೈದ್ಯರು ಹೇಳಿದಾಗ ಆಕೆ ಕೇಳಿದರು: ‘ಅಲ್ಲಿಯವರೆಗೆ ಏನು ತಿನ್ನಲಿ?’ ಹಕ್ಕಿಜ್ವರದಲ್ಲಿ ಕೊಂದ ಕೋಳಿಗೆ ಪರಿಹಾರವುಂಟು. ಈ ರೋಗಕ್ಕೆ ಅದೂ ಇಲ್ಲ.

ಹಾಗೆಂದು ಕಂಡಕಂಡ ಮದ್ದು ಸುರಿಯುವುದೂ ದಾರಿಯಲ್ಲ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಸಾಕಣೆಯಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು, ಔಷಧಕ್ಕೆ ಬಗ್ಗದ ರೋಗಾಣುಗಳ ಭೀತಿಯಿಂದಲೇ.

ಉಳಿಸಬೇಕೇ, ಕೊಲ್ಲಬೇಕೇ ಎಂಬ ಪ್ರಶ್ನೆಯನ್ನು ನಾನು ಆ ರಾತ್ರಿ ಕೆಂಪು ಹೇಂಟೆಯ ಮುಖ ನೋಡಿ ತೀರ್ಮಾನಿಸಿದ್ದೆ. ಕೇಳಬೇಕಾಗಿದ್ದುದು ಬೇರೆ: ರೋಗ ಯಾವುದು? ವಾಸಿಯಾದ ಮೇಲೂ ಹರಡುತ್ತದೆಯೇ? ಹರಡಿದರೆ ನಷ್ಟ ಯಾರದು? ಚಿಕಿತ್ಸೆ ಕೊಡಿಸಿದ್ದು ತಪ್ಪಲ್ಲ. ಚಿಕಿತ್ಸೆಯ ಜೊತೆಗೆ ಬರುವ ಕಟ್ಟುಪಾಡನ್ನು ಮರೆತದ್ದು ತಪ್ಪು.

ಕೊನೆಗೆ ನಮ್ಮ ಹನ್ನೆರಡೂ ಕೋಳಿಗಳನ್ನು ವೈದ್ಯರ ಸಲಹೆಯಂತೆ ಕೊಲ್ಲಿಸಿ, ಗೂಡು ತೊಳೆದು ಖಾಲಿ ಬಿಟ್ಟೆವು. ಅಮ್ಮ ಅಂದು ಊಟ ಮಾಡಲಿಲ್ಲ. ಆ ಹೆಂಗಸೂ ಗೂಡು ಖಾಲಿ ಮಾಡಿದರು. ಅವರ ಅಷ್ಟು ದಿನಗಳ ಮೊಟ್ಟೆಯ ಹಣವನ್ನು ನಾನು ಕೊಟ್ಟೆ. ಲಸಿಕೆ ಹಾಕಿಸಿದ ಮೊದಲ ಆರು ಮರಿಗಳನ್ನು ತಂದಾಗ ಅವು ಹೋದದ್ದು ಅವರ ಗೂಡಿಗೆ. ನಮ್ಮದು ಇನ್ನೂ ಖಾಲಿಯಾಗಿಯೇ ಇದೆ.