ಮೇಜು ಹಲವು, ಕಿರ್ದಿ ಒಂದೇ

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅಂದಿಗೂ ಇಂದಿಗೂ ಸಹಕಾರದ ಬುಡ ಒಂದೇ: ಸದಸ್ಯನ ಲೆಕ್ಕ ಯಾರು ತೆಗೆದು ನೋಡಿದರೂ ಒಂದೇ ಆಗಿರಬೇಕು.

ಅದೇ ಜಿಲ್ಲೆಯ ರೋಣ ಸೀಮೆಯ ಮೆಣಸಗಿಯ ಎರೆ ಹೊಲಕ್ಕೂ ನಮ್ಮ ಕಾಫಿ, ಅಡಿಕೆ ತೋಟಗಳಿಗೂ ಬೆಳೆಯಲ್ಲಿ ಹೋಲಿಕೆಯಿಲ್ಲ. ಪಹಣಿಯ ವಿಷಯದಲ್ಲಿ ಮಾತ್ರ ಎಲ್ಲರೂ ಹಿಂದೆ ಗ್ರಾಮ ಲೆಕ್ಕಿಗರ ಕೈಬರಹವನ್ನೇ ನಂಬಿದ್ದೆವು. ‘ಭೂಮಿ’ ಯೋಜನೆ ಬಂದ ಮೇಲೆ ಮೆಣಸಗಿಯ ಹೊಲದ ಪಹಣಿಯನ್ನು ಬೆಂಗಳೂರಿನಲ್ಲಿ ಕುಳಿತೂ ತೆಗೆಯಬಹುದು. ದಾಖಲೆ ಇರುವುದು ಒಂದು ಕಡೆ, ನೋಡುವುದು ಹಲವು ಕಡೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಗುರಿಯಿದ್ದುದು 63,000 ಸಂಘಗಳು.

ಸಂಘದ ಕಚೇರಿಯಲ್ಲೂ ಇದೇ ಏರ್ಪಾಟು ಸಾಧ್ಯ. ತೂಕದ ಚೀಟಿ, ದಾಸ್ತಾನು, ಪಾವತಿಯ ಕಡತಗಳನ್ನು ಒಂದು ಗಣಕದ ಫೋಲ್ಡರಿನಲ್ಲಿಟ್ಟು ಉಳಿದವು ಜಾಲದ ಮೂಲಕ ಅದನ್ನೇ ಬಳಸುತ್ತವೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ‘ಎನ್‌ಎಫ್‌ಎಸ್’ ಎಂಬ ವಿಧಾನ ಲಿನಕ್ಸ್ ಸರ್ವರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಹೊಸ ಸರ್ವರನ್ನು ಹೀಗೆ ಜೋಡಿಸುವಾಗ ಮೂರು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು ಗುರುತು. ಈ ವಿಧಾನದ ಸಾಮಾನ್ಯ ಏರ್ಪಾಟಿನಲ್ಲಿ ಗಣಕ ನೋಡುವುದು ಗುಮಾಸ್ತರ ಹೆಸರನ್ನಲ್ಲ, ಅವರ ಸಂಖ್ಯೆಯನ್ನು. ಹಳೆಯ ಗಣಕದಲ್ಲಿ 1001 ಎಂದರೆ ಗೋದಾಮಿನವರು, ಹೊಸದರಲ್ಲಿ 1001 ಎಂದರೆ ನಗದು ಶಾಖೆಯವರು ಎಂದಾದರೆ ಒಬ್ಬರ ಕಡತ ಇನ್ನೊಬ್ಬರ ಕೈಗೆ ಹೋಗುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಇರಬೇಕು.

ಎರಡನೆಯದು ಹಕ್ಕು. ತೂಕ ಬರೆಯುವವರಿಗೆ ಪಾವತಿಯ ಕಡತ ತಿದ್ದುವ ಅಧಿಕಾರ ಬೇಡ. ಓದಿದರೆ ಸಾಕಾಗುವವರಿಗೆ ಓದುವ ಹಕ್ಕಷ್ಟೇ ಇರಲಿ.

ಮೂರನೆಯದೇ ಮುಖ್ಯ. ಹಂಚಿದ ಫೋಲ್ಡರನ್ನು ಹೊಸ ಸರ್ವರಿನ ಒಂದು ಖಾಲಿ ಫೋಲ್ಡರಿನ ಮೇಲೆ ಜೋಡಿಸುತ್ತಾರೆ. ಕರೆಂಟು ಹೋಗಿ ಬಂದಾಗ ಜೋಡಣೆಯಾಗದೆ ಉಳಿದರೆ ಆ ಖಾಲಿ ಫೋಲ್ಡರ್ ಅದೇ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ಅಂದಿನ ಅಡಿಕೆ ತೂಕವೆಲ್ಲ ಅದರಲ್ಲೇ ದಾಖಲಾಗುತ್ತದೆ. ಜೋಡಣೆ ಮರಳಿದೊಡನೆ ಆ ದಾಖಲೆ ಅಡಿಗೆ ಸೇರಿ ಕಣ್ಣಿಗೆ ಕಾಣದಾಗುತ್ತದೆ. ಅಳಿದಿರುವುದಿಲ್ಲ, ಆದರೆ ಪಾವತಿಯ ಪಟ್ಟಿಯಲ್ಲಿ ಸದಸ್ಯನ ಮೂಟೆಗಳಿರುವುದಿಲ್ಲ. ಆದ್ದರಿಂದ ಜೋಡಣೆಯಿಲ್ಲದಾಗ ಆ ಫೋಲ್ಡರಿಗೆ ಗುಮಾಸ್ತರು ಬರೆಯಲಾಗದಂತೆ ಬೀಗ ಬೀಳಬೇಕು. ಜೋಡಣೆ ಆಗುವ ತನಕ ಲೆಕ್ಕದ ತಂತ್ರಾಂಶ ಆರಂಭವಾಗಬಾರದು. ಜಾಲದ ತಂತಿ ಕಿತ್ತು, ಸರ್ವರನ್ನು ಮತ್ತೆ ಚಾಲೂ ಮಾಡಿ ಇದನ್ನು ಪರೀಕ್ಷಿಸಿದ ನಂತರವೇ ಕೆಲಸ ಒಪ್ಪಿಕೊಳ್ಳಬೇಕು.

ಹಂಚಿಕೆಯೆಂದರೆ ನಕಲು ಪ್ರತಿಯಲ್ಲ ಎಂಬುದನ್ನೂ ಮರೆಯಬಾರದು. ಮೂಲದಲ್ಲಿ ಅಳಿಸಿದ್ದು ಎಲ್ಲ ಮೇಜುಗಳಲ್ಲೂ ಅಳಿಯುತ್ತದೆ. ದಿನದ ಪ್ರತಿಯೊಂದು ಬೇರೆ ಕಡೆ ಇರಲೇಬೇಕು.

ಸದಸ್ಯ ಬಾಂಧವರು ತೂಕದ ಚೀಟಿಯನ್ನು ಪಾವತಿ ಕೈಸೇರುವವರೆಗೆ ಜೋಪಾನ ಮಾಡಲಿ. ಮಹಾಸಭೆಯಲ್ಲಿ ಯಂತ್ರದ ಬೆಲೆ ಕೇಳುವುದರ ಜೊತೆಗೆ, ತಂತಿ ಕಿತ್ತು ನೋಡಿದಿರಾ ಎಂದೂ ಕೇಳಲಿ.