ಗಜೇಂದ್ರಗಡದ ತೋಳ ಮತ್ತು ಅದರ ದಾಯಾದಿಗಳು

ರೋಣ, ನರಗುಂದದ ಎರೆಹೊಲಗಳ ಆಚೆ, ಗಜೇಂದ್ರಗಡದ ಕುರುಚಲು ಗುಡ್ಡಗಳಲ್ಲಿ ಇಂದಿಗೂ ಬಾಳುತ್ತಿರುವ ತೋಳವೂ ಅದರಿಂದ ಕುರಿಹಿಂಡನ್ನು ಕಾಯುವ ನಾಯಿಯೂ ಒಂದೇ ವಂಶದವು. ಎರಡರಲ್ಲಿಯೂ 78 ವರ್ಣತಂತುಗಳಿದ್ದು, ಅವು ಕೂಡಿ ಹುಟ್ಟಿದ ಮರಿಗಳಿಗೂ ಸಂತಾನಶಕ್ತಿ ಇರುತ್ತದೆ. ಇಷ್ಟು ಹತ್ತಿರದ ಮಾಂಸಾಹಾರಿಗಳು ಬೇರೆ ಬೇರೆ ಬಾಳಿಗೆ ಒಗ್ಗಿಕೊಂಡ ಬಗೆಯನ್ನು ಅವುಗಳ ಜೀನೋಮುಗಳನ್ನು, ಎಂದರೆ ಜೀವಕೋಶದಲ್ಲಿರುವ ಸಮಗ್ರ ಡಿಎನ್‌ಎಯನ್ನು, ಹೋಲಿಸಿ ಅರಿಯುವುದೇ ತೌಲನಿಕ ಜೀನೋಮ್ ಅಧ್ಯಯನ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡವು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿಗಳಷ್ಟೇ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇರುತ್ತದೆ. ಕುರುಬರು ಹಾಕುವ ಜೋಳದ ರೊಟ್ಟಿಯನ್ನು ನಾಯಿ ಅರಗಿಸಿಕೊಳ್ಳಲು ಇದೂ ಒಂದು ಕಾರಣ. ಟಿಬೆಟ್ಟಿನ ಮ್ಯಾಸ್ಟಿಫ್ ನಾಯಿಯ ಕತೆ ಇನ್ನೂ ಸೋಜಿಗದ್ದು: ವಿರಳ ಆಮ್ಲಜನಕದಲ್ಲಿ ದೇಹವನ್ನು ಹದಗೊಳಿಸುವ ಇಪಿಎಎಸ್1 ಜೀನಿನ ಮಾರ್ಪಾಟನ್ನು ಅದು ಅಲ್ಲಿನ ತೋಳದೊಡನೆ ಕೂಡಿ ಪಡೆದಿದೆ, ಮತ್ತು ಆ ಎತ್ತರದಲ್ಲಿ ವಾಸಿಸುವ ಮನುಷ್ಯರಲ್ಲಿಯೂ ಅದೇ ಜೀನು ಬದಲಾಗಿದೆ. ಆದರೆ ಕಂಡ ವ್ಯತ್ಯಾಸಗಳೆಲ್ಲ ಹೊಂದಾಣಿಕೆಯಲ್ಲ. ಸಂಖ್ಯೆ ಕುಗ್ಗಿದ ಪ್ರಾಣಿಸಮುದಾಯದಲ್ಲಿ ಕೇವಲ ಆಕಸ್ಮಿಕವಾಗಿಯೂ ಕೆಲವು ಮಾರ್ಪಾಟುಗಳು ನೆಲೆಗೊಳ್ಳುವುದರಿಂದ, ಹಲವು ದಾಯಾದಿಗಳನ್ನು ಒಟ್ಟಿಗಿಟ್ಟು ನೋಡದೆ ತೀರ್ಮಾನಿಸುವುದು ಸಲ್ಲದು.

ಭಾರತದ ತೋಳದ ವಿಷಯದಲ್ಲಿ ಈ ಎಚ್ಚರವೇ ಫಲ ಕೊಟ್ಟಿತು. ವೀರ್ಯಾಣು, ಅಂಡಾಣುಗಳು ರೂಪುಗೊಳ್ಳುವಾಗ ತಂದೆತಾಯಿಯರಿಂದ ಬಂದ ವರ್ಣತಂತುಗಳು ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಈ ವಿನಿಮಯ ವಿರಳವಾಗಿರುವ ಭಾಗಗಳಲ್ಲಿ ನಂತರದ ಬೆರಕೆಯ ಗುರುತು ಕಡಿಮೆಯಿದ್ದು ವಂಶದ ಹಳೆಯ ಚರಿತ್ರೆ ಹೆಚ್ಚು ನಿಚ್ಚಳವಾಗಿ ಉಳಿದಿರುತ್ತದೆ. ಅಂಥ ಭಾಗಗಳನ್ನೇ ಆಯ್ದು ಪರಿಶೀಲಿಸಿದ 2021ರ ಅಧ್ಯಯನವೊಂದು, ಇಂದು ಬದುಕಿರುವ ಬೂದುತೋಳಗಳ ವಂಶಗಳಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಭಾರತದ ಬಯಲುಸೀಮೆಯ ತೋಳವೆಂದು ತೋರಿಸಿತು. ಉತ್ತರದ ತೋಳಗಳಿಗಿಂತ ಚಿಕ್ಕ ಮೈ, ತೆಳುವಾದ ತುಪ್ಪಳ ಹೊತ್ತು ಕುರಿಹಟ್ಟಿಗಳ ಸುತ್ತ ಸುಳಿಯುವ ಈ ಪ್ರಾಣಿ, ಹುಲಿ ಆನೆಗಳಿಗೆ ಸಲ್ಲುವ ಗೌರವಕ್ಕೆ ಏನೂ ಕಡಿಮೆಯಿಲ್ಲದ ಪ್ರಾಚೀನ ಜೀವ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತೋಳಕ್ಕೆ ರಕ್ಷಣೆಯಿದ್ದರೂ ಅದು ಬಾಳುವ ಹುಲ್ಲುಗಾವಲು ಸರ್ಕಾರಿ ದಾಖಲೆಗಳಲ್ಲಿ ಬಹುಪಾಲು ಬೀಳುಭೂಮಿಯೇ ಆಗಿದೆ. ಪುಣೆ ಜಿಲ್ಲೆಯ ಹುಲ್ಲುಗಾವಲಿನಲ್ಲಿ ತೋಳವೂ ನಾಯಿಯೂ ಬೆರೆತ ಸಂತತಿ ಇರುವುದನ್ನು 2023ರಲ್ಲಿ ಪ್ರಕಟವಾದ ಜೀನೋಮ್ ಪರೀಕ್ಷೆ ದೃಢಪಡಿಸಿತು. ಬೀದಿನಾಯಿಗಳು ಹೆಚ್ಚಿ ತೋಳಗಳು ವಿರಳವಾದ ಕಡೆಗಳಲ್ಲಿ ಇಂಥ ಬೆರಕೆ ಆ ಹಳೆಯ ವಂಶವನ್ನು ಒಳಗಿನಿಂದಲೇ ಕರಗಿಸಬಲ್ಲದು. ಗಜೇಂದ್ರಗಡಕ್ಕೆ ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮಕ್ಕೆ 2025ರಲ್ಲಿ ಒಪ್ಪಿಗೆ ದೊರೆತಿರುವುದು ಸಮಾಧಾನದ ಸಂಗತಿಯೇ ಆದರೂ, ಬಹುದೂರ ಅಲೆಯುವ ತೋಳದ ಹಿಂಡಿಗೆ ಕೆಲವು ನೂರು ಎಕರೆಯ ಧಾಮವೊಂದೇ ಸಾಲದಾದ್ದರಿಂದ, ಗಜೇಂದ್ರಗಡದಂಥ ಗುಡ್ಡಗಳು ಮತ್ತು ಅಲ್ಲಿನ ಕುರಿಗಾಹಿಗಳಿಗೆ ಸತ್ತ ಕುರಿಗೆ ತಡವಿಲ್ಲದೆ ಸಿಗುವ ಪರಿಹಾರ ಅಷ್ಟೇ ಅಗತ್ಯ.